‘ಸಾಫ್ಟ್’ ಎಂದರೆ ಮೃದು ಮಾತ್ರವೇ? – ಒಂದು ಗುಣವಾಚಕದ ಪಾಠ ಮತ್ತು ಮರುಪಾಠ

ಅಭ್ಯಾಸ ಬೋಧನೆಯ ವಾರಗಳಲ್ಲಿ ಪ್ರಶಿಕ್ಷಣಾರ್ಥಿಗಳ ಇಂಗ್ಲಿಷ್ ಪಾಠಗಳನ್ನು ಕೊನೆಯ ಬೆಂಚಿನಲ್ಲಿ ಕುಳಿತು ನೋಡುವುದು, ವೀಕ್ಷಣಾ ನಮೂನೆ ತುಂಬುವುದು ನನ್ನ ಕೆಲಸ. ಈ ಲೇಖನ ನಾನು ‘ಉತ್ತಮ’ ಎಂದು ಷರಾ ಬರೆದು ಸಹಿ ಹಾಕಿದ ಒಂದು ಪಾಠದ ಬಗ್ಗೆ. ಆ ಷರಾ ತಪ್ಪಾಗಿತ್ತೆಂದು ಅರ್ಧ ಗಂಟೆಯಲ್ಲೇ ಗೊತ್ತಾಯಿತು. ತಪ್ಪಿದ್ದು ಪ್ರಶಿಕ್ಷಣಾರ್ಥಿಗಿಂತ ಹೆಚ್ಚಾಗಿ ನನ್ನಲ್ಲೇ. ಅವರ ಪಾಠಯೋಜನೆಯನ್ನು ಹಿಂದಿನ ದಿನವೇ ಓದಿ ಒಪ್ಪಿಗೆ ಕೊಟ್ಟವನು ನಾನು.

ಓದುಗರಿಗೊಂದು ಸೂಚನೆ: ಇಂಗ್ಲಿಷ್ ಪದ, ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಹಲಗೆಯ ಮೇಲೆ ಅವನ್ನು ಇಂಗ್ಲಿಷ್ ಲಿಪಿಯಲ್ಲೇ ಬರೆಯಬೇಕು.

1. ಪಾಠದಲ್ಲಿ ನಡೆದದ್ದು

ರಾಮನಗರದ ಒಂದು ಶಾಲೆ, ಏಳನೇ ತರಗತಿ. ಪಾಠದ ಘಟಕ ಗುಣವಾಚಕಗಳು. ಪ್ರಶಿಕ್ಷಣಾರ್ಥಿ ಚೆನ್ನಾಗಿಯೇ ಸಿದ್ಧವಾಗಿ ಬಂದಿದ್ದರು. ಹತ್ತಿ, ಸ್ಪಂಜು, ಕಲ್ಲು, ಮರದ ತುಂಡು ಎಲ್ಲವೂ ಮೇಜಿನ ಮೇಲಿದ್ದವು. ಹಲಗೆಯ ಮೇಲೆ ‘ಸಾಫ್ಟ್ = ಮೃದು, ಹಾರ್ಡ್ = ಗಟ್ಟಿ’ ಎಂದು ಬರೆದರು. ಮಕ್ಕಳು ಹತ್ತಿ ಹಿಡಿದು ‘ಕಾಟನ್ ಈಸ್ ಸಾಫ್ಟ್’ ಎಂದರು, ಕಲ್ಲು ಹಿಡಿದು ‘ಸ್ಟೋನ್ ಈಸ್ ಹಾರ್ಡ್’ ಎಂದರು. ‘ಆಸ್ ಸಾಫ್ಟ್ ಆಸ್ ಸಿಲ್ಕ್’ ಎಂಬ ಹೋಲಿಕೆಯನ್ನೂ ಹೇಳಿಕೊಟ್ಟದ್ದಾಯಿತು. ಕೊನೆಗೆ ಮೌಲ್ಯಮಾಪನಕ್ಕೆ ಐದು ಬಿಟ್ಟ ಸ್ಥಳ. ಎರಡರಲ್ಲಿ ಒಂದು ಪದ ಆರಿಸಿ ತುಂಬಬೇಕು. ನಾಲ್ಕನೆಯದು ಹೀಗಿತ್ತು: ‘ಮೈ ಮದರ್ಸ್ ಹ್ಯಾಂಡ್ಸ್ ಆರ್ ——.’

ಪ್ರಶಿಕ್ಷಣಾರ್ಥಿ ಸಾಲುಗಳ ನಡುವೆ ಓಡಾಡಿ ತಿದ್ದುತ್ತಾ ಬಂದರು. ಒಬ್ಬ ಹುಡುಗಿ ‘ಹಾರ್ಡ್’ ಎಂದು ಬರೆದಿದ್ದಳು. ಅವರು ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿ, “ಅಮ್ಮನ ಕೈ ಮೃದು ಅಲ್ವೇನಮ್ಮ?” ಎಂದು ಪ್ರೀತಿಯಿಂದಲೇ ಕೇಳಿದರು. ಪಕ್ಕದ ಮಕ್ಕಳು ನಕ್ಕರು. ಹುಡುಗಿ ತಲೆ ತಗ್ಗಿಸಿ ಅಳಿಸಿ ‘ಸಾಫ್ಟ್’ ಎಂದು ಬರೆದಳು. ನಾನು ನಮೂನೆಯಲ್ಲಿ ‘ತಪ್ಪನ್ನು ತಕ್ಷಣ, ಸೌಮ್ಯವಾಗಿ ತಿದ್ದಿದ್ದಾರೆ’ ಎಂದು ಮೆಚ್ಚಿ ಬರೆದೆ.

ಊಟದ ಬಿಡುವಿನಲ್ಲಿ ಆ ಹುಡುಗಿ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಳು. ಮಾತಿಗೆಂದು, “ಯಾಕಮ್ಮ ಹಾರ್ಡ್ ಅಂತ ಬರ್ದಿದ್ದೆ?” ಎಂದೆ.

“ನಮ್ಮಮ್ಮ ಫಿಲೇಚರ್‌ಗೆ ಹೋಯ್ತದೆ ಸಾರ್. ಬಿಸಿನೀರಲ್ಲೇ ಕೈ. ಬೆರಳೆಲ್ಲ ಸಿಪ್ಪೆ ಎದ್ದು ಒರಟಾಗ್ಬುಟ್ಟವೆ.”

“ಹಂಗಾದ್ರೆ ಅಳಿಸಿದ್ದೇಕೆ?”

“ಮಿಸ್ಸು ರೈಟ್ ಹಾಕ್ಲಿಲ್ವಲ್ಲ ಸಾರ್.”

ಅವಳು ಬರೆದದ್ದು ತಾನು ದಿನಾ ನೋಡುವ ನಿಜವನ್ನು. ನಾವು ಅದಕ್ಕೆ ತಪ್ಪು ಹಾಕಿ, ನಿಜವಲ್ಲದ ವಾಕ್ಯವನ್ನು ಬರೆಸಿ, ಸರಿ ಗುರುತು ಕೊಟ್ಟಿದ್ದೆವು. ‘ಮಿಸ್ಸಿಗೆ ಬೇಕಾದ್ದನ್ನು ಬರೆಯುವುದೇ ಇಂಗ್ಲಿಷ್’ ಎಂಬ ಪಾಠವನ್ನು ಅವಳು ಅಂದು ಕಲಿತಿರಬೇಕು. ಇದು ಒಂದು ಅಂಕದ ಪ್ರಶ್ನೆಯಲ್ಲ. ಹೀಗೆ ಎರಡು ಮೂರು ಸಲ ಆದರೆ, ಮಗು ತನ್ನ ಮನೆಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಬಹುದೆಂಬ ಆಸೆಯನ್ನೇ ಬಿಡುತ್ತದೆ.

2. ಎಡವಿದ್ದು ಎಲ್ಲಿ?

ಅಂದು ಸಂಜೆ ಪ್ರಶಿಕ್ಷಣಾರ್ಥಿಯೂ ನಾನೂ ಪಾಠಯೋಜನೆಯನ್ನು ಮುಂದಿಟ್ಟುಕೊಂಡು ಕುಳಿತೆವು. ಮೂರು ಕಡೆ ಎಡವಿದ್ದೆವು.

ಮೊದಲನೆಯದು, ಆ ಪ್ರಶ್ನೆ ಇಂಗ್ಲಿಷನ್ನು ಪರೀಕ್ಷಿಸುತ್ತಿರಲಿಲ್ಲ. ಅಮ್ಮ ಎಂದರೆ ಹೀಗೇ ಇರಬೇಕೆಂಬ ನಮ್ಮ ಕಲ್ಪನೆಯನ್ನು ಪರೀಕ್ಷಿಸುತ್ತಿತ್ತು. ‘ಹಾರ್ಡ್’ ಎಂದು ತುಂಬಿದರೂ ವಾಕ್ಯ ವ್ಯಾಕರಣಬದ್ಧವಾಗಿಯೇ ಇತ್ತು.

ಎರಡನೆಯದು, ಹುಡುಗಿಗೆ ಬೇಕಿದ್ದ ಪದವನ್ನು ನಾವು ಕೊಟ್ಟಿರಲೇ ಇಲ್ಲ. ಅವಳು ಹೇಳಿದ ಪದ ‘ಒರಟು’. ಕೆಲಸದಿಂದ ಒರಟಾದ ಕೈಗೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಬರುವ ಪದ ‘ರಫ್’. ನಾವು ಎರಡೇ ಪದ ಕೊಟ್ಟಿದ್ದರಿಂದ ಅವಳು ಹತ್ತಿರದ್ದನ್ನು ಆರಿಸಿದಳು. ಅಂದರೆ ಅವಳ ತಪ್ಪು ಎಂದು ನಾವು ಕಂಡದ್ದು ನಮ್ಮ ಪದಪಟ್ಟಿಯ ಕೊರತೆ.

ಮೂರನೆಯದು, ರೇಷ್ಮೆಯ ಊರಿನಲ್ಲಿ ‘ರೇಷ್ಮೆಯಷ್ಟು ಮೃದು’ ಎಂಬ ಹೋಲಿಕೆಯನ್ನು ಯೋಚಿಸದೆ ಬಳಸಿದ್ದೆವು.

3. ರೇಷ್ಮೆ ಮೃದುವೇ?

ಸೀರೆ ಅಂಗಡಿಯಲ್ಲಿ ನಿಂತವರಿಗೆ ಇದು ಪ್ರಶ್ನೆಯೇ ಅಲ್ಲ. ‘ಸಾಫ್ಟ್ ಸಿಲ್ಕ್’ ಎಂಬ ಹೆಸರಿನಲ್ಲೇ ಸೀರೆ ಮಾರುತ್ತಾರೆ. ಆದರೆ ರಾಮನಗರದ ಮಕ್ಕಳು ರೇಷ್ಮೆಯನ್ನು ಮೊದಲು ನೋಡುವುದು ಸೀರೆಯಾಗಿ ಅಲ್ಲ, ಗೂಡಾಗಿ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಇಲ್ಲಿನ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಗೂಡನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ. ಒತ್ತಿದರೆ ತಗ್ಗಿದ ಗೂಡಿಗೆ ಬೆಲೆಯಿಲ್ಲ, ಗಟ್ಟಿಯಿದ್ದರೇ ಬೆಲೆ. ಅಲ್ಲಿ ‘ಮೆತ್ತಗಿದೆ’ ಎಂಬುದು ಹೊಗಳಿಕೆಯಲ್ಲ, ದೂರು.

ಗೂಡಿನ ಎಳೆಯಲ್ಲಿ ಎರಡು ವಸ್ತುಗಳಿವೆ. ಒಳಗೆ ಫೈಬ್ರಾಯಿನ್ ಎಂಬ ನಾರು, ಅದರ ಮೇಲೆ ಸೆರಿಸಿನ್ ಎಂಬ ಅಂಟು. ತೂಕದಲ್ಲಿ ಸುಮಾರು ಕಾಲು ಭಾಗ ಈ ಅಂಟೇ. ಗೂಡು ಗಟ್ಟಿಯಾಗಿರುವುದು ಇದರಿಂದ. ಬಿಸಿನೀರಿನಲ್ಲಿ ಬೇಯಿಸಿದಾಗ ಅಂಟು ಸಡಿಲಗೊಂಡು ಎಳೆಯ ತುದಿ ಸಿಗುತ್ತದೆ, ನೂಲು ಬಿಚ್ಚಲು ಬರುತ್ತದೆ. ಬಿಚ್ಚಿದ ನೂಲು ಒಣಗಿದ ಮೇಲೆ ಅಂಟು ಮತ್ತೆ ಬಿಗಿಯುತ್ತದೆ. ಆದ್ದರಿಂದ ಕಚ್ಚಾ ರೇಷ್ಮೆಯ ಲಡಿ ಮುಟ್ಟಲು ಬಿರುಸು. ಸಾಬೂನು, ಸೋಡಾ ಹಾಕಿದ ಬಿಸಿನೀರಿನಲ್ಲಿ ಕುದಿಸಿ ಅಂಟನ್ನು ತೆಗೆದ ಮೇಲೆಯೇ ನಾವು ಹೇಳುವ ನಯ, ಹೊಳಪು ಬರುವುದು.

ಹೀಗಾಗಿ ‘ಸಿಲ್ಕ್ ಈಸ್ ಸಾಫ್ಟ್’ ಎಂಬ ವಾಕ್ಯ ಸೀರೆಯ ಮಟ್ಟಿಗೆ ನಿಜ, ಗೂಡಿನ ಮಟ್ಟಿಗೆ ಸುಳ್ಳು, ಕಚ್ಚಾ ನೂಲಿನ ಮಟ್ಟಿಗೂ ಅಷ್ಟಾಗಿ ನಿಜವಲ್ಲ. ಹೋಲಿಕೆಯನ್ನು ಕಲಿಸಬಾರದೆಂದಲ್ಲ. ‘ಯಾವ ಹಂತದ ರೇಷ್ಮೆ?’ ಎಂದು ಕೇಳಿ ಕಲಿಸಿದರೆ ಇದೇ ಊರಿನ ಮಕ್ಕಳು ಅದನ್ನು ಬೇರೆಲ್ಲರಿಗಿಂತ ಚೆನ್ನಾಗಿ ಕಲಿಯುತ್ತಾರೆ. ಶಾಲೆಯ ಹೊರಗಿನ ಬದುಕಿಗೆ ಕಲಿಕೆಯನ್ನು ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದನ್ನು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ, ತರಗತಿಯಲ್ಲಿ ಮರೆಯುತ್ತೇವೆ.

4. ಒಂದು ಪದ, ಹಲವು ವಿರುದ್ಧಪದಗಳು

ಪದದ ಅರ್ಥ ಅದರ ಜೊತೆಗೆ ಬರುವ ಪದಗಳಿಂದ ತಿಳಿಯುತ್ತದೆ ಎಂಬುದನ್ನು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1950ರ ದಶಕದಲ್ಲಿ ಒತ್ತಿ ಹೇಳಿದರು. ನಾವು ಇದನ್ನು ಪದಸಾಹಚರ್ಯ ಎನ್ನುತ್ತೇವೆ. ‘ಸಾಫ್ಟ್’ ಇದಕ್ಕೆ ಒಳ್ಳೆಯ ಉದಾಹರಣೆ. ಮುಂದೆ ಬರುವ ನಾಮಪದ ಬದಲಾದಂತೆ ಅದರ ಕನ್ನಡವೂ ವಿರುದ್ಧಪದವೂ ಬದಲಾಗುತ್ತವೆ.

• ಸಾಫ್ಟ್ ಪಿಲ್ಲೋ: ಮೆತ್ತನೆಯ ದಿಂಬು. ವಿರುದ್ಧ ‘ಹಾರ್ಡ್’.
• ಸಾಫ್ಟ್ ಸಾಯಿಲ್: ಮೆದು ಮಣ್ಣು. ವಿರುದ್ಧ ‘ಹಾರ್ಡ್’.
• ಸಾಫ್ಟ್ ಸ್ಕಿನ್: ನವಿರಾದ ಚರ್ಮ. ವಿರುದ್ಧ ‘ರಫ್’.
• ಸಾಫ್ಟ್ ವಾಯ್ಸ್: ಮೆಲುದನಿ. ವಿರುದ್ಧ ‘ಲೌಡ್’.
• ಸಾಫ್ಟ್ ಲೈಟ್: ಕಣ್ಣಿಗೆ ಹಿತವಾದ ಬೆಳಕು. ವಿರುದ್ಧ ‘ಹಾರ್ಶ್’ ಅಥವಾ ‘ಬ್ರೈಟ್’.
• ಸಾಫ್ಟ್ ವಾಟರ್: ಮೆದು ನೀರು. ವಿರುದ್ಧ ‘ಹಾರ್ಡ್ ವಾಟರ್’, ಗಡಸು ನೀರು.
• ಸಾಫ್ಟ್ ಹಾರ್ಟ್: ಬೇಗ ಕರಗುವ ಮನಸ್ಸು. ವಿರುದ್ಧ ‘ಹಾರ್ಡ್ ಹಾರ್ಟ್’, ಕಲ್ಲು ಮನಸ್ಸು.
• ಸಾಫ್ಟ್ ಡ್ರಿಂಕ್: ಮದ್ಯವಲ್ಲದ ಪಾನೀಯ. ವಿರುದ್ಧ ಮದ್ಯ, ಅಂದರೆ ‘ಹಾರ್ಡ್ ಡ್ರಿಂಕ್’.

ಈ ಪಟ್ಟಿಯನ್ನು ಬಾಯಿಪಾಠ ಮಾಡಿಸಲು ಕೊಟ್ಟಿಲ್ಲ. ಇದರ ಹಿಂದಿರುವ ಒಂದು ಸರಳ ಸಂಗತಿಯನ್ನು ಗಮನಿಸಬೇಕು. ನಾವು ವಸ್ತುವನ್ನು ಎರಡು ರೀತಿ ಮುಟ್ಟುತ್ತೇವೆ: ಒತ್ತಿ ನೋಡುತ್ತೇವೆ, ಸವರಿ ನೋಡುತ್ತೇವೆ. ಒತ್ತಿದಾಗ ತಗ್ಗದಿದ್ದರೆ ‘ಹಾರ್ಡ್’. ಸವರಿದಾಗ ಬೆರಳಿಗೆ ತಗುಲಿದರೆ ‘ರಫ್’, ಜಾರಿದರೆ ‘ಸ್ಮೂತ್’. ‘ಸಾಫ್ಟ್’ ಮಾತ್ರ ಎರಡೂ ಕಡೆ ಕಾಲಿಟ್ಟಿದೆ. ಒತ್ತಿದಾಗ ತಗ್ಗುವ ದಿಂಬೂ ಸಾಫ್ಟ್, ಸವರಿದಾಗ ಹಿತವಾಗಿರುವ ಚರ್ಮವೂ ಸಾಫ್ಟ್. ಆದ್ದರಿಂದ ಅದಕ್ಕೆ ಒಂದೇ ವಿರುದ್ಧಪದ ಸಾಲುವುದಿಲ್ಲ. ದಿಂಬಿನ ವಿಷಯದಲ್ಲಿ ‘ಹಾರ್ಡ್’, ಅಮ್ಮನ ಕೈಯ ವಿಷಯದಲ್ಲಿ ‘ರಫ್’.

ಕನ್ನಡದಲ್ಲೂ ಒಂದೇ ಪದ ಎಲ್ಲೆಡೆ ಹೊಂದುವುದಿಲ್ಲ. ‘ಮೃದು’ ಗ್ರಾಂಥಿಕ ಪದ. ಮನೆಯಲ್ಲಿ ಮುದ್ದೆ ಮೃದುವಾಗಿದೆ ಎಂದು ಯಾರೂ ಹೇಳುವುದಿಲ್ಲ, ಮೆತ್ತಗಿದೆ ಎನ್ನುತ್ತಾರೆ. ಮಣ್ಣು ಮೆದು, ದನಿ ಮೆಲು, ಎಲೆ ಎಳಸು, ಬಟ್ಟೆ ನವಿರು. ಮಗುವಿನ ಬಾಯಲ್ಲಿ ಆಗಲೇ ಇರುವ ಈ ಪದಗಳನ್ನು ಬಿಟ್ಟು ‘ಮೃದು’ ಎಂಬ ಒಂದೇ ಕಿಂಡಿಯಿಂದ ಇಂಗ್ಲಿಷ್ ಪದವನ್ನು ತೂರಿಸಲು ಹೋದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ.

5. ಮರುಪಾಠ

ಎರಡು ದಿನ ಬಿಟ್ಟು ಅದೇ ತರಗತಿಗೆ ಹೋದೆವು. ಈ ಸಲ ಪಾಠ ಮಾಡಿದ್ದು ನಾನು. ಪ್ರಶಿಕ್ಷಣಾರ್ಥಿ ಕೊನೆಯ ಬೆಂಚಿನಲ್ಲಿ ಕುಳಿತು ನನ್ನದೇ ನಮೂನೆಯನ್ನು ತುಂಬಿದರು. ಅದಕ್ಕೂ ಮೊದಲು ಅವರು ಆ ಹುಡುಗಿಯನ್ನು ಪಕ್ಕಕ್ಕೆ ಕರೆದು, “ನಿನ್ನ ಉತ್ತರ ತಪ್ಪಿರಲಿಲ್ಲಮ್ಮ, ನನ್ನ ಪ್ರಶ್ನೆ ಸರಿಯಿರಲಿಲ್ಲ” ಎಂದಿದ್ದರು. ತರಗತಿಯಲ್ಲಿ ಅವಳ ಹೆಸರನ್ನಾಗಲಿ ಅವಳ ಅಮ್ಮನ ವಿಷಯವನ್ನಾಗಲಿ ನಾವು ಎತ್ತಲಿಲ್ಲ.

ಮೊದಲ ಹಂತ: ಒತ್ತಿ ನೋಡು, ಸವರಿ ನೋಡು. ಮೇಜಿನ ಮೇಲೆ ಗೂಡು, ಕಚ್ಚಾ ರೇಷ್ಮೆಯ ಲಡಿ, ರೇಷ್ಮೆ ಬಟ್ಟೆಯ ತುಂಡು, ಚನ್ನಪಟ್ಟಣದ ಬುಗುರಿ, ಬಂಡೆಯ ಚೂರು ಇಟ್ಟೆ. ಇವುಗಳಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ, ಬುಗುರಿಯೂ ಸೇರಿ ಎಲ್ಲವನ್ನೂ ಮಕ್ಕಳೇ ತಂದಿದ್ದರು. ಪ್ರತಿ ಗುಂಪೂ ಪ್ರತಿ ವಸ್ತುವನ್ನು ಎರಡೂ ರೀತಿ ಮುಟ್ಟಿ, ‘ಸಾಫ್ಟ್, ಹಾರ್ಡ್, ಸ್ಮೂತ್, ರಫ್’ ಎಂಬ ನಾಲ್ಕು ಪದಗಳಲ್ಲಿ ಬೇಕಾದಷ್ಟನ್ನು ಬರೆಯಬೇಕು.

ಬುಗುರಿಯ ಹತ್ತಿರ ಜಗಳವೇ ಆಯಿತು. ಒಂದು ಗುಂಪು ‘ಸಾಫ್ಟ್’ ಎಂದಿತು, ಇನ್ನೊಂದು ‘ಹಾರ್ಡ್’ ಎಂದಿತು. ‘ನಯವಾಗಿದೆ ಸಾರ್, ಅದಕ್ಕೇ ಸಾಫ್ಟ್’ ಎಂಬುದು ಮೊದಲ ಗುಂಪಿನ ವಾದ. ಕನ್ನಡದ ‘ನಯ’ ಇಂಗ್ಲಿಷಿನ ‘ಸಾಫ್ಟ್’, ‘ಸ್ಮೂತ್’ ಎರಡನ್ನೂ ಒಳಗೊಳ್ಳುವುದರಿಂದ ಹುಟ್ಟಿದ ತಪ್ಪು ಇದು. ಒತ್ತಿ ನೋಡಿ ಎಂದೆ. ತಗ್ಗಲಿಲ್ಲ. ‘ಇಟ್ ಈಸ್ ಹಾರ್ಡ್ ಅಂಡ್ ಸ್ಮೂತ್’ ಎಂಬ ವಾಕ್ಯ ಅವರೇ ಕಟ್ಟಿದರು. ಚನ್ನಪಟ್ಟಣದ ಕಡೆಯಿಂದ ಬರುವ ಒಬ್ಬ ಹುಡುಗ, “ಹಾಲೆಮರ ಉಳಿಗೆ ಮೆದು ಸಾರ್, ಸಲೀಸಾಗಿ ಕಡೆಯಕ್ಕೆ ಬತ್ತದೆ” ಎಂದ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಮೆತ್ತಗಾಗಿ ಮರಕ್ಕೆ ಹತ್ತುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ, ತಾಳೆಗರಿಯಿಂದ ಉಜ್ಜಿದರೆ ನಯವಾಗಿ ಹೊಳೆಯುತ್ತದೆ ಎಂಬುದನ್ನೂ ಅವನೇ ವಿವರಿಸಿದ. ಒಂದು ಬುಗುರಿಯಲ್ಲಿ ಮೂರು ಪದಗಳ ಪಾಠ ಮುಗಿಯಿತು.

ಇಲ್ಲಿ ಶಿಕ್ಷಕರಿಗೊಂದು ಎಚ್ಚರಿಕೆ. ಹಾಲೆಮರ ಮೆದುವಾದ್ದರಿಂದ ‘ಸಾಫ್ಟ್ ವುಡ್’ ಎನ್ನಬಹುದು. ಆದರೆ ಎರಡು ಪದ ಕೂಡಿಸಿ ಒಂದೇ ಪದವಾಗಿ ಬರೆದ ‘ಸಾಫ್ಟ್‌ವುಡ್’ ಸಸ್ಯಶಾಸ್ತ್ರದ ಪಾರಿಭಾಷಿಕ ಪದ. ಅದು ಪೈನ್, ದೇವದಾರಿನಂಥ ಶಂಕುಧಾರಿ ಮರಗಳಿಗೆ ಸಲ್ಲುತ್ತದೆ. ಅಗಲ ಎಲೆಯ ಹಾಲೆ, ತೇಗ, ಬೀಟೆ ಎಲ್ಲವೂ ಆ ವಿಂಗಡಣೆಯಲ್ಲಿ ‘ಹಾರ್ಡ್‌ವುಡ್’. ಹತ್ತಿಯಂತೆ ಹಗುರವಾದ ಬಾಲ್ಸಾ ಮರವೂ ಹಾರ್ಡ್‌ವುಡ್ಡೇ. ಕೂಡುಪದದ ಅರ್ಥವನ್ನು ಬಿಡಿಪದಗಳಿಂದ ಊಹಿಸಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಎರಡನೇ ಹಂತ: ಮುಟ್ಟಲಾಗದ ಸಾಫ್ಟ್. ಇಲ್ಲಿ ನಾನೇ ಮುಗ್ಗರಿಸಿದೆ. “ಸಾಫ್ಟ್ ವಾಟರ್ ಎಂದರೇನು?” ಎಂದು ಕೇಳಿದಾಗ ಮನೆಯಲ್ಲಿ ಉರ್ದು ಮಾತಾಡುವ ಒಬ್ಬ ಹುಡುಗ, “ಸಾಫ್ ಪಾನಿ ಸಾರ್, ಕ್ಲೀನ್ ನೀರು” ಎಂದ. ತಮಾಷೆ ಎಂದುಕೊಂಡು ಮುಂದೆ ಹೋಗಿಬಿಟ್ಟೆ. ಪ್ರಶಿಕ್ಷಣಾರ್ಥಿ ಹಿಂದಿನಿಂದ ಕೈಯೆತ್ತಿ ನಿಲ್ಲಿಸಿದರು. ಹುಡುಗ ತಮಾಷೆ ಮಾಡಿರಲಿಲ್ಲ. ಅರಬ್ಬಿಯಿಂದ ಉರ್ದುವಿಗೆ ಬಂದ ‘ಸಾಫ್’ ಎಂದರೆ ಸ್ವಚ್ಛ. ಮೂಲ ಇಂಗ್ಲಿಷಿನ ‘ಸಾಫ್ಟ್’ ಪದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಿವಿಗೆ ಮಾತ್ರ ಅಣ್ಣತಮ್ಮಂದಿರು. ಕೊನೆಯ ‘ಟ್’ ತುಟಿಯಲ್ಲೇ ಉಳಿದುಹೋದರೆ ಎರಡೂ ಒಂದೇ. ಕನ್ನಡದ ಮನೆಗಳಲ್ಲೂ ‘ಸಾಪು ಮಾಡು’ ಎಂಬ ಮಾತಿದೆ. ಇಷ್ಟು ದಿನ ಎಷ್ಟು ಮಕ್ಕಳು ‘ಸಾಫ್ಟ್ ಕ್ಲಾತ್’ ಎಂದರೆ ಶುಭ್ರ ಬಟ್ಟೆ ಎಂದುಕೊಂಡಿದ್ದರೋ! ಹಿಂದಕ್ಕೆ ಬಂದು, ಎರಡೂ ಪದಗಳನ್ನು ಹಲಗೆಯ ಮೇಲೆ ಬರೆದು, ಬೇರೆ ಬೇರೆ ಎಂದು ತೋರಿಸಿದೆ. ಆಮೇಲೆ, “ಕೊಳವೆಬಾವಿ ನೀರಲ್ಲಿ ಸೋಪು ನೊರೆ ಬರುತ್ತಾ?” ಎಂದು ಕೇಳಿದೆ. “ಬರಲ್ಲ” ಎಂದರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿದ್ದರೆ ನೀರು ಗಡಸು, ಕಡಿಮೆಯಿದ್ದರೆ ಮೆದು. ಕಣ್ಣಿಗೆ ತಿಳಿಯಾಗಿರುವ ನೀರೂ ಗಡಸಾಗಿರಬಹುದು.

‘ಸಾಫ್ಟ್ ಲ್ಯಾಂಡಿಂಗ್’ ಎಲ್ಲರಿಗೂ ಗೊತ್ತಿತ್ತು. 2023ರ ಆಗಸ್ಟ್ 23ರಂದು ಚಂದ್ರಯಾನ–3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದದ್ದನ್ನು ಮಕ್ಕಳು ಟಿವಿಯಲ್ಲಿ ನೋಡಿದ್ದರು. “ಚಂದ್ರನ ನೆಲ ಮೆತ್ತಗಿತ್ತಾ?” ಎಂದೆ. ಒಂದು ಕ್ಷಣ ಯೋಚಿಸಿ, “ಇಲ್ಲ ಸಾರ್, ಮೆಲ್ಲಗೆ ಇಳೀತು” ಎಂದರು. ಇಲ್ಲಿ ‘ಸಾಫ್ಟ್’ ನೆಲದ ಗುಣವಲ್ಲ, ಇಳಿಯುವ ರೀತಿಯ ಗುಣ ಎಂಬುದನ್ನು ಅವರೇ ಕಂಡುಕೊಂಡರು.

ಮೂರನೇ ಹಂತ: ವಾಕ್ಯ. ಮಕ್ಕಳ ಬರವಣಿಗೆಯಲ್ಲಿ ನಾಲ್ಕು ತಪ್ಪುಗಳು ಮತ್ತೆ ಮತ್ತೆ ಕಂಡವು. ನಾಲ್ಕಕ್ಕೂ ಕನ್ನಡದಲ್ಲೇ ಕಾರಣವಿದೆ.

ಅ) ‘ದಿಸ್ ಕ್ಲಾತ್ ಸಾಫ್ಟ್.’ ಕನ್ನಡದಲ್ಲಿ ‘ಈ ಬಟ್ಟೆ ಮೆದು’ ಎಂದರೆ ವಾಕ್ಯ ಪೂರ್ಣ, ಕ್ರಿಯಾಪದ ಬೇಡ. ಇಂಗ್ಲಿಷಿನಲ್ಲಿ ‘ಈಸ್’ ಬೇಕೇ ಬೇಕು.

ಆ) ‘ಇಡ್ಲಿ ಈಸ್ ಸಾಫ್ಟ್ಲಿ.’ ಕನ್ನಡದಲ್ಲಿ ‘ಇಡ್ಲಿ ಮೆತ್ತಗಿದೆ’, ‘ಮೆತ್ತಗೆ ಒತ್ತು’ ಎರಡಕ್ಕೂ ‘ಮೆತ್ತಗೆ’ ಎಂಬ ಒಂದೇ ರೂಪ. ಇಂಗ್ಲಿಷಿನಲ್ಲಿ ವಸ್ತುವಿಗೆ ‘ಸಾಫ್ಟ್’, ಕ್ರಿಯೆಗೆ ‘ಸಾಫ್ಟ್ಲಿ’: ‘ಸ್ಪೀಕ್ ಸಾಫ್ಟ್ಲಿ.’

ಇ) ‘ಕಾಟನ್ ಈಸ್ ಸಾಫ್ಟ್ ದ್ಯಾನ್ ಜ್ಯೂಟ್.’ ಕನ್ನಡದಲ್ಲಿ ‘ಗಿಂತ’ ಒಂದಿದ್ದರೆ ಸಾಕು, ಗುಣವಾಚಕ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಎರಡೂ ಬೇಕು: ‘ಸಾಫ್ಟರ್ ದ್ಯಾನ್.’

ಈ) ‘ಸಾಫ್ಟೆನ್’ ಎಂಬ ಉಚ್ಚಾರಣೆ. ಮೆತ್ತಗೆ ಮಾಡು ಎಂಬ ಅರ್ಥದ ಈ ಕ್ರಿಯಾಪದದಲ್ಲಿ ‘ಟ್’ ಬರೆಯುತ್ತೇವೆ, ನುಡಿಯುವುದಿಲ್ಲ. ‘ಲಿಸನ್’ ಇದ್ದಂತೆ ‘ಸಾಫನ್’. ಕನ್ನಡದಲ್ಲಿ ಬರೆದದ್ದನ್ನೆಲ್ಲ ನುಡಿಯುವ ಅಭ್ಯಾಸವಿರುವುದರಿಂದ ಇದನ್ನು ಬಾಯಿಂದ ಹೇಳಿಸಿಯೇ ಕಲಿಸಬೇಕು.

6. ಮೌಲ್ಯಮಾಪನ

ಈ ಸಲ ಬಿಟ್ಟ ಸ್ಥಳ ಕೊಡಲಿಲ್ಲ. ‘ನಿಮ್ಮ ಮನೆ ಅಥವಾ ಬೀದಿಯಲ್ಲಿ ನಡೆಯುವ ಯಾವುದಾದರೂ ಕೆಲಸದ ಬಗ್ಗೆ, ಇಂದು ಕಲಿತ ಪದಗಳಲ್ಲಿ ಎರಡನ್ನಾದರೂ ಬಳಸಿ, ಎರಡು ವಾಕ್ಯ ಬರೆಯಿರಿ’ ಎಂದೆ. ಯಾರ ಬಗ್ಗೆ ಬರೆಯಬೇಕೆಂದು ಹೇಳಲಿಲ್ಲ. ಮುದ್ದೆ, ಬುಗುರಿ, ಕಲ್ಲು ಒಡೆಯುವುದು, ಗದ್ದೆ ಉಳುವುದು ಎಲ್ಲವೂ ಬಂದವು. ಸ್ಪೆಲ್ಲಿಂಗ್ ತಪ್ಪುಗಳಿದ್ದವು. ಆದರೆ ನಕಲು ಹೊಡೆದ ವಾಕ್ಯ ಒಂದೂ ಇರಲಿಲ್ಲ, ಏಕೆಂದರೆ ಒಬ್ಬರ ಮನೆಯ ಕೆಲಸ ಇನ್ನೊಬ್ಬರ ಮನೆಯಲ್ಲಿರಲಿಲ್ಲ.

ಆ ಹುಡುಗಿಯ ಪುಸ್ತಕವನ್ನು ಪ್ರಶಿಕ್ಷಣಾರ್ಥಿಯೇ ತಿದ್ದಿದರು. ಅವಳು ಬರೆದದ್ದು: ‘ಹಾಟ್ ವಾಟರ್ ಸಾಫನ್ಸ್ ದಿ ಕಕೂನ್. ಇಟ್ ಮೇಕ್ಸ್ ಮೈ ಮದರ್ಸ್ ಹ್ಯಾಂಡ್ಸ್ ರಫ್.’ ಬಿಸಿನೀರು ಗೂಡನ್ನು ಮೆತ್ತಗೆ ಮಾಡುತ್ತದೆ, ನಮ್ಮಮ್ಮನ ಕೈಯನ್ನು ಒರಟು ಮಾಡುತ್ತದೆ. ಎರಡು ದಿನದ ಹಿಂದೆ ತಪ್ಪು ಗುರುತು ಬಿದ್ದ ಪುಟದ ಎದುರಿನ ಪುಟದಲ್ಲೇ ಈ ವಾಕ್ಯಗಳಿದ್ದವು. ಪ್ರಶಿಕ್ಷಣಾರ್ಥಿ ಸರಿ ಗುರುತು ಹಾಕಿದರು. ಆಮೇಲೆ ಹಿಂದಿನ ಪುಟಕ್ಕೂ ಹೋಗಿ, ಹಳೆಯ ತಪ್ಪು ಗುರುತನ್ನು ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ಸಹಿ ಮಾಡಿದರು.

7. ಪ್ರಶಿಕ್ಷಣಾರ್ಥಿಗಳಿಗೆ, ಮಾರ್ಗದರ್ಶಕರಿಗೆ

ಗುಣವಾಚಕವನ್ನು ಒಂಟಿಯಾಗಿ ಕಲಿಸಬೇಡಿ, ನಾಮಪದದ ಜೊತೆಗೇ ಕಲಿಸಿ. ವಿರುದ್ಧಪದವನ್ನೂ ಆ ಜೋಡಿಗೇ ಕೇಳಿ. ಪಾಠಯೋಜನೆ ಬರೆಯುವಾಗ ಆ ಪದಕ್ಕೆ ಊರಿನವರು ಬಳಸುವ ಕನ್ನಡ ಪದಗಳನ್ನು ಪಟ್ಟಿ ಮಾಡಿಕೊಳ್ಳಿ. ಮನೆಮಾತು ಬೇರೆಯಿರುವ ಮಕ್ಕಳಿದ್ದರೆ, ಅವರ ಭಾಷೆಯಲ್ಲಿ ಅದೇ ಸದ್ದಿನ ಬೇರೆ ಪದ ಇದೆಯೇ ಎಂದು ವಿಚಾರಿಸಿ. ಅಪ್ಪ, ಅಮ್ಮ, ಮನೆ, ಊಟ ಇವುಗಳ ಬಗೆಗಿನ ಪ್ರಶ್ನೆಗೆ ಒಂದೇ ಸರಿಯುತ್ತರ ಇಡಬೇಡಿ. ಅನಿರೀಕ್ಷಿತ ಉತ್ತರ ಬಂದಾಗ ಕೆಂಪು ಶಾಯಿಗೆ ಮೊದಲು “ಯಾಕೆ?” ಎಂಬ ಪ್ರಶ್ನೆ ಬರಲಿ.

ವೀಕ್ಷಣಾ ನಮೂನೆ ತುಂಬುವ ನನ್ನಂಥವರಿಗೂ ಒಂದು ಮಾತು. ತಿದ್ದಿದ್ದನ್ನು ಮೆಚ್ಚುವ ಮೊದಲು, ತಿದ್ದಲ್ಪಟ್ಟದ್ದು ನಿಜವಾಗಿ ತಪ್ಪೇ ಆಗಿತ್ತೇ ಎಂದು ನೋಡಬೇಕು. ಮರುಪಾಠದ ದಿನ ಪ್ರಶಿಕ್ಷಣಾರ್ಥಿ ನನ್ನ ಪಾಠಕ್ಕೆ ಬರೆದ ಷರಾ ಇಂದಿಗೂ ನನ್ನ ಕಡತದಲ್ಲಿದೆ: ‘ಪಾಠ ಚೆನ್ನಾಗಿತ್ತು. ಒಬ್ಬ ಹುಡುಗನ ಉತ್ತರವನ್ನು ಕೇಳಿಸಿಕೊಳ್ಳದೆ ಮುಂದೆ ಹೋದಿರಿ.’